ಆರನೆಯ ಕೊಳವೆ

ಐದೈದು ಅಡಿಯ ಕೊಳವೆಗಳನ್ನು ಒಂದರ ಮೇಲೊಂದು ಸಿಕ್ಕಿಸಿ, ಟಿವಿ ಸಿಗ್ನಲ್ ಅಳೆಯಲು ಬಂದಿದ್ದ ಡ್ವೈಟ್ ಆಂಟೆನಾ ಏರಿಸುತ್ತಿದ್ದ. ಆರನೆಯದೂ ಏರಿದಾಗ, ತನ್ನ ಮನೆಯಂಗಳದಲ್ಲಿ ಕೈಕಟ್ಟಿ ನಿಂತಿದ್ದ ಯುಫೀಮಿಯಾಳ ಕಣ್ಣು ಕಿರಿದಾಯಿತು.

"ಗಡಿಯಾಚೆಯ ನ್ಯೂ ಮೆಕ್ಸಿಕೋ ಚಾನೆಲ್ ಆಂಟೆನಾದಲ್ಲೇ ಚೆನ್ನಾಗಿ ಸಿಗ್ತಿದೆ ಅಮ್ಮಾ," ಎಂದ ಅವನು ಮೀಟರ್ ನೋಡುತ್ತ. "ಅದು ಸಿಗೋ ಮನೆಗೆ ಡಿಶ್‌ನಲ್ಲಿ ಡೆನ್ವರ್ ಚಾನೆಲ್ ಕೊಡೋ ಹಾಗಿಲ್ಲ. ಕಾನೂನು. ಇಲ್ಲೊಂದು ಸಹಿ ಹಾಕಿ."

"ಹೋದ ಬೇಸಿಗೇಲಿ ನಮ್ಮ ಕೊಲೊರಾಡೊ ಗುಡ್ಡ ಹೊತ್ತಿ ಉರಿದಾಗ ಮನೆ ಬಿಟ್ಟು ಓಡಿ ಅಂದೋರು ನಮ್ಮ ರಾಜಧಾನಿ ಡೆನ್ವರ್‌ನವರು. ನ್ಯೂ ಮೆಕ್ಸಿಕೋದವರು ಅವರ ರಾಜ್ಯದ ಹವಾಮಾನ ಹೇಳ್ತಾ ಕೂತಿದ್ರು. ನಿನ್ನ ಕಳಿಸಿದ್ದು ಅವರೇ ತಾನೆ?"

ಡ್ವೈಟ್ ಪೆನ್ನು ಮುಂದೆ ಚಾಚಿದ. ಅವಳು ಏಪ್ರನ್ ಜೇಬಿನಿಂದ, ಗ್ರಂಥಾಲಯದಲ್ಲಿ ನಕಲು ಮಾಡಿಸಿದ್ದ ಹಾಳೆ ತೆಗೆದಳು. "ಅದೇ ಕಾನೂನು ನಾನೂ ಓದಿದೀನಪ್ಪಾ. ಅಳೆಯೋ ಆಂಟೆನಾ ಒಂದಂತಸ್ತಿನ ಮನೆಗೆ ಇಪ್ಪತ್ತಡಿ, ಎರಡಂತಸ್ತಿದ್ರೆ ಮೂವತ್ತು. ನನ್ನ ಸೂರಿನ ಮೇಲೆ ನಿನಗೆ ಇನ್ನೊಂದು ಅಂತಸ್ತು ಕಾಣ್ತಿದ್ಯಾ? ಎರಡು ಕೊಳವೆ ಇಳಿಸು."

ಅವನು ಇಳಿಸಿದ. ಮೀಟರಿನ ಮುಳ್ಳು ಕೆಂಪು ಗೆರೆಯ ಕೆಳಗೆ ಕುಸಿಯಿತು. "ಸರಿ, ಡೆನ್ವರ್ ನಿಮಗೇ ಇರ್ಲಿ," ಎಂದು ಗೊಣಗುತ್ತ ವ್ಯಾನಿನತ್ತ ನಡೆದ.

ಯುಫೀಮಿಯಾ ವ್ಯಾನಿನ ಬಾಗಿಲಿಗೆ ಅಡ್ಡ ನಿಂತಳು. ರಸ್ತೆಯುದ್ದಕ್ಕೂ ಇದ್ದ ಹದಿನಾಲ್ಕು ಮನೆಗಳೂ ಒಂದೇ ಅಂತಸ್ತಿನವು.

"ಬೆಳಗ್ಗಿಂದ ಈ ಮನೆಗಳ ಅಂಗಳದಲ್ಲಿ ಎಷ್ಟು ಕೊಳವೆ ಏರಿಸಿದೆ?"

ಡ್ವೈಟ್ ನೆರೆಯವರು ಸಹಿ ಹಾಕಿದ್ದ ಹಾಳೆಗಳ ಕಟ್ಟನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿದ.