ಗೋಡೆಯ ಮೇಲಿನ ಎಣ್ಣೆ ಕಲೆ

ಪಡಸಾಲೆಗೆ ಬಣ್ಣ ಬಳಿಸಲು ಎಂಟು ಸಾವಿರ, ಆಳಿನ ಕೂಲಿ ಬೇರೆ. ಮನೆ ಖಾಲಿ ಮಾಡುತ್ತಿದ್ದ ನೀಲವ್ವನ ಅಡ್ವಾನ್ಸಿನಲ್ಲಿ ಮಾಲೀಕ ವೀರಭದ್ರಪ್ಪ ಇಷ್ಟನ್ನೂ ಮುರಿದುಕೊಳ್ಳಲು ಹೊರಟ. ಅಷ್ಟು ಹೋದರೆ ಹೊಸ ಮನೆಯ ಬೀಗದ ಕೈ ಅವಳಿಗೆ ಸಿಗುವಂತಿರಲಿಲ್ಲ.

"ತಲಿ ಒರಗಿಸಿ ಒರಗಿಸಿ ಗ್ವಾಡಿಗೆಲ್ಲಾ ಎಣ್ಣಿ ಹಚ್ಚೀರಲ್ಲವ್ವಾ!" ಎಂದ ಅವನು.

"ಹಂಗಾದ್ರ ಗ್ವಾಡಿನ್ನ ಕೇಳ್ರಿ ಸಾವ್ಕಾರ್ರ," ಎಂದಳು ನೀಲವ್ವ. ಮನೆ ಬಿಡುವಾಗ ಗೋಡೆಯ ಸಾಕ್ಷಿ ಕೇಳುವುದು ಊರಿನ ವಾಡಿಕೆ. ಗೋಡೆಗಳಿಗೆ ಸುಳ್ಳು ಹೇಳಲು ಬಾರದು.

ಗೋಡೆ ಗಂಟಲು ಸರಿಮಾಡಿಕೊಂಡಿತು. "ಅದು ನಿಮ್ಮ ತಲೀ ಎಣ್ಣಿ ಐತ್ರಿ. ತಿಂಗಳಾ ಬಾಡಿಗಿಗೆ ಬಂದು, ಚಾ ಕುಡದು, ನನಗ ಒರಗಿ ಒಂದು ನಿದ್ದಿ ತಗೀತಿದ್ರಿ."

ವೀರಭದ್ರಪ್ಪ ತಲೆ ಸವರಿ, ಬೆರಳು ನೋಡಿಕೊಂಡು ನಕ್ಕುಬಿಟ್ಟ. ಅಡ್ವಾನ್ಸ್ ಪೂರ್ತಿ ನೀಲವ್ವನ ಕೈಸೇರಿತು. ಸಂಜೆಯೊಳಗೆ ಹೊಸ ಮನೆಯ ಬೀಗದ ಕೈಯೂ ಸಿಕ್ಕಿತು.