ಮುಂಡಿನ ಬಿಳಿ ಬದಿ

ಬಾಣಂತಿ ಮಗಳ ಕೋಣೆಯ ಕದವಿಲ್ಲದ ಕಿಟಕಿಗೆ ಬಿಗಿದಿದ್ದ ಒದ್ದೆ ಮುಂಡುಪಂಚೆಯನ್ನು ನೀಲಾವತಿ ಜಗಲಿಯಲ್ಲಿ ನಿಂತು ಬಿಚ್ಚಿದಳು. ನಾಲ್ಕು ಮಡಿಕೆಯ ಆ ಮುಂಡಿನ ಹೊರಬದಿ ಬಾಣಲೆಯ ತಳದಂತೆ ಕಪ್ಪಾಗಿತ್ತು. ತಿರುಗಿಸಿದರೆ, ಒಳಬದಿ ಆಗಷ್ಟೇ ಒಗೆದು ಹಾಕಿದಂತೆ ಬೆಳ್ಳಗೆ!

ಮೂರು ದಿನ ಗುಡ್ಡದ ಬೆಂಕಿಗೆ ಹಸಿಸೊಪ್ಪು ಬಡಿದು ಬಂದಿದ್ದ ಗಂಡ ಪದ್ಮಯ್ಯ ಅಂಗಳದಿಂದಲೇ ನೋಡಿದ. "ಒಂದು ಎಳೆ ಹೊಗೆಯೂ ಒಳಗೆ ಹೋಗ್ಲಿಲ್ಲ ಮಾರಾಯ್ತಿ! ಐವರ್ನಾಡು ಊರಿಡೀ ಕೆಮ್ಮುತ್ತಾ ಉಂಟು, ನಮ್ಮ ಶೀಲನ ಕೋಣೆ ಮಾತ್ರ ಬಚಾವ್."

ನೀಲಾವತಿಗೆ ಹೆಮ್ಮೆಯಾಯಿತು. ಬಾಗಿಲ ಸಂದಿಗೆ ಒದ್ದೆ ಗೋಣಿ ತುರುಕಿದ್ದು, ಗಳಿಗೆಗೊಮ್ಮೆ ಮುಂಡಿಗೆ ನೀರು ಚಿಮುಕಿಸಿದ್ದು ಎಲ್ಲ ಅವಳೇ. ಕಿಟಕಿಯ ಸರಳಿಗೆ ಮುಖವಿಟ್ಟು ಕರೆದಳು: "ಶೀಲಾ, ಹೊಗೆ ಹೋಯ್ತು ಮಗಾ. ಏಳು, ಗಂಜಿ ಕುಡಿ."

ಸರಳಿನೊಳಗೆ ಕೈ ತೂರಿಸಿ ಮಗಳ ಪಾದ ಹಿಡಿದು ಜಗ್ಗಿದಳು. ಶೀಲಾವತಿ ಏಳಲಿಲ್ಲ. ಎದೆಗಂಟಿದ್ದ ಹನ್ನೆರಡು ದಿನದ ಕೂಸೂ ಅಳಲಿಲ್ಲ. ಕತ್ತಲಿಗೆ ಕಣ್ಣು ಹೊಂದಿದಾಗ ಮಂಚದಡಿಯ ಮಡಕೆಯಲ್ಲಿ ತೆಂಗಿನ ಗೆರಟೆಯ ಕೆಂಡ ಕಂಡಿತು. ಬಾಣಂತಿ ಕೋಣೆಯಲ್ಲಿ ದಿನಾ ಇಡುವ ಕೆಂಡವೇ ಅದು. ಒದ್ದೆ ಬಟ್ಟೆಯ ತಂಪು ಹಸಿ ಮೈಗೆ ತಾಗಬಾರದೆಂದು ಇವತ್ತು ಮಧ್ಯಾಹ್ನ ಅವಳೇ ಎರಡು ಪಾಲು ತುಂಬಿಸಿ, ಬಾಗಿಲೆಳೆದು ಬಂದಿದ್ದಳು.

ಒಂದು ಎಳೆ ಹೊಗೆಯೂ ಇಲ್ಲದೆ ಅದು ಇನ್ನೂ ಕೆಂಪಗಿತ್ತು. ಅದರ ವಿಷಗಾಳಿ ಹೊರಗೆ ಹೋಗಲು ಅವಳು ಎಲ್ಲಿಯೂ ಒಂದು ಸಂದಿ ಉಳಿಸಿರಲಿಲ್ಲ.