ಗೌರಕ್ಕನ ಮುಖ

ಇಳಕಲ್ಲಿನ ಇಂದುಧರ ಒಬ್ಬನೇ ಕೂತು ವಿಡಿಯೊ ಗೇಮ್ ಮಾಡುತ್ತಿದ್ದ. ತೀರಿಹೋದ ಅಕ್ಕ ಗೌರಕ್ಕನೇ ಅದರ ನಾಯಕಿ. ಓಣಿಯ ಎಲ್ಲರಂತೆ ಅವಳೂ ಬದುಕಿದ್ದಾಗ ತನ್ನ ಮುಖವನ್ನು ಗೇಮ್ ಕಂಪನಿಯೊಂದಕ್ಕೆ ಮಾರಿದ್ದಳು. ಆ ದುಡ್ಡಿನಲ್ಲೇ ತಮ್ಮನಿಗೆ ಕಂಪ್ಯೂಟರ್ ಕೊಡಿಸಿದ್ದಳು. ಈಗ ಆ ಮುಖ ಬಳಸಬೇಕೆಂದರೆ ಅವನ ಕೈಗೆಟುಕದಷ್ಟು ಲೈಸೆನ್ಸ್ ಶುಲ್ಕ.

"ಆ ಚಿತ್ರಾ ನಾನs ಕೈಯಾರೆ ಬರದೀನ್ರಿ. ಅಕಿ ನನ್ನ ಸ್ವಂತ ಅಕ್ಕ," ಎಂದು ಫೋನಿನಲ್ಲಿ ಅಂಗಲಾಚಿದ.

"ಯಾರು ಬರೆದರೂ ಮುಖ ನಮ್ಮದೇ ಸರ್. ಅಗ್ಗದ್ದೊಂದು ಮುಖ ಕೊಡಲಾ?" ಎಂದಳು ಕಂಪನಿಯ ಹುಡುಗಿ.

ಬೇಡವೆಂದ. ಇಡೀ ಗೇಮಿನಲ್ಲಿ ಅಕ್ಕನನ್ನು ಬೆನ್ನು ತಿರುಗಿಸಿ ನಿಲ್ಲಿಸಿದ.

ಮೊದಲು ಆಡಿದವಳು ತಾಯಿ. ಮೊಬೈಲನ್ನು ಅತ್ತಿತ್ತ ಹೊರಳಿಸುತ್ತ, "ಗೌರಾ, ಇತ್ಲಾಗ ನೋಡವಾ," ಎಂದು ಕರೆಯುತ್ತಲೇ ಇದ್ದಳು.